ಬೋರ್ಡಿನ ಮೇಲಿನ ಹೆಸರುಗಳು

ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಆಫೀಸಿನಲ್ಲಿ ಏಳು ಜನ ಕುರ್ಚಿ ಬಿಟ್ಟು ಎದ್ದು ಸುತ್ತುಗಟ್ಟಿ ನಿಂತರು. ಪ್ರಾರ್ಥನೆ ಇರಬೇಕೆಂದು ನಾನೂ ಕೈಮುಗಿದು ನಿಂತೆ. ಅದು ಸ್ಟ್ಯಾಂಡ್‌ಅಪ್: ನಿನ್ನೆ ಏನು ಮುಗಿಯಿತು, ಇಂದು ಏನು ಮಾಡುತ್ತೇನೆ, ಎಲ್ಲಿ ತೊಡಕಾಗಿದೆ ಎಂದು ಪ್ರತಿಯೊಬ್ಬರೂ ನಿಂತೇ ಹೇಳುವ ಹದಿನೈದು ನಿಮಿಷ. ಕೂತರೆ ಮಾತು ಬೆಳೆಯುತ್ತದಂತೆ.

ವಿಜಯಪುರದಿಂದ ಹೈದರಾಬಾದಿಗೆ ಬಂದು ಆಗ ಐದು ದಿನ. ಮಣಿಕೊಂಡದ ಹಾಸ್ಟೆಲ್ ಕೋಣೆಯಲ್ಲಿ ಮೂವರು, ಭಾಷೆಯೂ ಮೂರು. ಊಟಕ್ಕೆ ಗೋಂಗೂರ, ಅಂದರೆ ನಮ್ಮ ಪುಂಡಿಪಲ್ಯವೇ. ನಾವು ನುಚ್ಚು ಹಾಕಿ ಬೇಯಿಸುತ್ತೇವೆ, ಇಲ್ಲಿ ಚಟ್ನಿಯಂತೆ ಅರೆದು ಪಚ್ಚಡಿ ಮಾಡುತ್ತಾರೆ. ಡೈರಿಯಲ್ಲಿ ಮೊದಲ ವಾರದ ಎಣಿಕೆ: ಕಲಿತ ತೆಲುಗು ಪದ ಹತ್ತೊಂಬತ್ತು, ಕನ್ನಡ ಆಡದೆ ಕಳೆದ ದಿನ ನಾಲ್ಕು.

ನನ್ನನ್ನು ತೆಗೆದುಕೊಂಡದ್ದು ಪರೀಕ್ಷಾರ್ಥವಾಗಿ. ಗ್ರಂಥಾಲಯವೊಂದರ ಆ್ಯಪ್ ಎಂಟು ವಾರದಲ್ಲಿ ಸಿದ್ಧವಾಗುವಂತೆ ತಂಡವನ್ನು ನಡೆಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಊರಿನ ಬಸ್ಸು. ಶನಿವಾರ, ಭಾನುವಾರ ಅಮೀರ್‌ಪೇಟ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕ್ಲಾಸಿಗೆ ಹೋಗುತ್ತಿದ್ದೆ.

ಊರಲ್ಲಿ ನಮ್ಮದು ಜೋಳದ ರೊಟ್ಟಿ ಮಾಡಿ ಮಾರುವ ರೊಟ್ಟಿ ಕೇಂದ್ರ. ಗೋಡೆಯ ಮೇಲೆ ಹೆಂಗಸರ ಹೆಸರು, ಮುಂದೆ ಬಡಿದ ರೊಟ್ಟಿಯ ಲೆಕ್ಕಕ್ಕೆ ಸುಣ್ಣದ ಕಡ್ಡಿಯ ಗೆರೆಗಳು. ಗೆರೆ ಕಡಿಮೆ ಬಿದ್ದವಳ ಹಿಟ್ಟನ್ನು ಮುಂದಿದ್ದವಳು ಎತ್ತಿಕೊಳ್ಳುತ್ತಾಳೆ. ಎಣಿಕೆ ಇರುವುದೇ ಅದಕ್ಕೆ. ಆ ಧೈರ್ಯದ ಮೇಲೆ ಮೂರನೇ ವಾರ ಆಫೀಸಿನ ಬೋರ್ಡಿನಲ್ಲಿ ಎಲ್ಲರ ಹೆಸರು ಬರೆದು, ತಪ್ಪಿದ ಪ್ರತಿ ಗಡುವಿಗೂ ಒಂದು ಗೆರೆ ಎಳೆದೆ. ಮುಂದಿನ ಆರು ದಿನ ಸ್ಟ್ಯಾಂಡ್‌ಅಪ್‌ನಲ್ಲಿ ತೊಡಕು: ಸೊನ್ನೆ. ಪ್ರಗತಿ ಎಂದು ದಿನವೂ ಮ್ಯಾನೇಜರ್‌ಗೆ ವರದಿ ಕಳಿಸಿದೆ. ಏಳನೇ ದಿನ ಆ್ಯಪ್ ತೆರೆದರೆ ಲಾಗಿನ್ ಆದಮೇಲೆ ಬರೀ ಬಿಳಿ ಪರದೆ.

ತಂಡದಲ್ಲಿ ಕನ್ನಡದವರೆಂದರೆ ಪ್ರೋಗ್ರಾಮರ್ ರೇಣುಕಕ್ಕ ಒಬ್ಬರೇ. ರಾಯಚೂರು ಕಡೆಯವರು, ಲಿಂಗಂಪಲ್ಲಿಯಲ್ಲಿ ಮನೆ. ಚಹಾ ಕುಡಿಯುತ್ತ ಅಂದರು: "ತಂಗಿ, ನಿನ್ನ ಗೆರಿ ನೋಡಿ ಎಲ್ಲಾರೂ ಬಾಯಿಗೆ ಬೀಗ ಹಾಕ್ಯಾರ. ನಂದೂ ನಾಲ್ಕು ದಿನದಿಂದ ಕೆಲಸ ನಿಂತೈತಿ."

"ಹೇಳಬೇಕಿಲ್ಲೇನ್ರಿ ಅಕ್ಕಾ?"

"ಹೇಳಿದ್ರ ಇನ್ನೊಂದು ಗೆರಿ. ಮ್ಯಾನೇಜರ್ ದಿನಾ ಆ ಬೋರ್ಡಿನ ಫೋಟೋ ಹೊಡ್ಕೊಂಡು ಹೋಗ್ತಾನ, ನೀ ನೋಡಿಲ್ಲೇನು?"

ನೋಡಿರಲಿಲ್ಲ. ರೊಟ್ಟಿ ಕೇಂದ್ರದ ಗೋಡೆಯ ಫೋಟೋ ಯಾರೂ ತೆಗೆದವರಿಲ್ಲ.

ಮರುದಿನ ಹೆಸರುಗಳನ್ನು ಒರೆಸಿದೆ. ಸುತ್ತಿನಲ್ಲಿ ನಾನೇ ಮೊದಲು, ಮುರುಕು ತೆಲುಗಿನಲ್ಲಿ, ಆರು ದಿನ ತಪ್ಪು ವರದಿ ಕಳಿಸಿದ್ದನ್ನು ಒಪ್ಪಿಕೊಂಡೆ. ಯಾರೂ ನಗಲಿಲ್ಲ. ಅಂದು ಹೊರಬಿದ್ದ ತೊಡಕು ಹನ್ನೊಂದು. ಎಲ್ಲವನ್ನೂ ಒಯ್ದು ಮ್ಯಾನೇಜರ್ ಮುಂದಿಟ್ಟು ಎರಡು ವಾರ ಹೆಚ್ಚು ಕೇಳಿದೆ. ಈ ತಾರೀಖನ್ನಾದರೂ ನಂಬಬಹುದೇ ಎಂದರು. ತಂಡವನ್ನು ಕೇಳಿಯೇ ಹೇಳುತ್ತಿದ್ದೇನೆ ಎಂದೆ. ಆ್ಯಪ್ ಆ ತಾರೀಖಿಗೇ ಹೋಯಿತು; ಕೆಲಸ ಉಳಿಯಿತು.

ದೀಪಾವಳಿಗೆ ಯಾವಾಗ ಬರುತ್ತಿ ಎಂದು ಅವ್ವ ಫೋನಿನಲ್ಲಿ ಕೇಳಿದಳು. ಎಲ್ಲ ಸರಿಹೋದರೆ ಗುರುವಾರ, ತೊಡಕಾದರೆ ಶನಿವಾರ ಅಂದೆ.

"ಗಿರಾಕಿಗೆ ಹೇಳಿದಂಗ ಹೇಳಬ್ಯಾಡ. ಮಗಳ ಹಂಗ ಹೇಳು."

ಗುರುವಾರ ಎಂದು ಹೇಳಿ, ಡೈರಿಯಲ್ಲೂ ಬರೆದು, ಹೋಗಿಬರುವ ಎರಡೂ ಟಿಕೆಟ್ ಮಾಡಿಸಿದೆ. ಆಮೇಲೆ ಗಮನಿಸಿದೆ: ಮೊದಲು ಮಾಡಿಸಿದ್ದು ವಿಜಯಪುರದಿಂದ ಇಲ್ಲಿಗೆ ಮರಳುವ ಟಿಕೆಟ್.