ಪಾಠಪಟ್ಟಿಯಲ್ಲಿಲ್ಲದ ದನ

ನನ್ನ ಅರೆಬರೆ ಓದಿನ ಫಲವನ್ನು ಉಂಡವರು ಅಳದಂಗಡಿಯ ನಮ್ಮ ನೆರೆಮನೆಯ ಅಕ್ಕ. ಸತ್ತದ್ದು ಅವರ ಮನೆಗೆ ಹಾಲು ಕೊಡುತ್ತಿದ್ದ ಒಂದೇ ದನ.

ಅರುವತ್ತರ ದಶಕದ ಕೊನೆಯಲ್ಲಿ, ಪಶುವೈದ್ಯನಾಗುವ ಆಸೆಯಿಂದ ನಾನು ಮೂಡುಬಿದಿರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಶನಿವಾರಗಳಂದು ದನದ ಆಸ್ಪತ್ರೆಯಲ್ಲಿ ನಿಂತು ನೋಡಲು ಅನುಮತಿ ಬೇಡಿದಾಗ ಅಧ್ಯಾಪಕರು, "ಅದು ಪಾಠಪಟ್ಟಿಯಲ್ಲಿಲ್ಲ" ಎಂದರು. ಆಸ್ಪತ್ರೆಯವರು ಕಾಲೇಜಿನ ಪತ್ರ ಕೇಳಿದರು. ಯಾರನ್ನು ಮೊದಲು ಒಪ್ಪಿಸಬೇಕೆಂದು ತಿಳಿಯದೆ ಸುಮ್ಮನಾದೆ.

ರಜೆಯಲ್ಲಿ ಊರಿಗೆ ಬಂದಾಗ, ಅಕ್ಕನ ದನ ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿ ಮಲಗಿತ್ತು.

"ನೀನು ದನದ ಡಾಕ್ಟ್ರಿಗೆ ಕಲಿಯುವವ ಅಲ್ವಾ? ಏನಾದ್ರೂ ಮಾಡು ಮಾರಾಯ."

"ನಾನು ಇನ್ನೂ ಕಪ್ಪೆ ಕೊಯ್ತಾ ಇದ್ದೇನೆ ಅಕ್ಕ."

"ಕಪ್ಪೆಗೂ ಹೊಟ್ಟೆ ಉಂಟಲ್ಲ!"

ಬೆಳ್ತಂಗಡಿಯ ವೈದ್ಯರಿಗೆ ಹೇಳಿಕಳುಹಿಸುವುದೋ, ಕಾಯುವುದೋ? ಗೊತ್ತಿಲ್ಲವೆನ್ನಲು ನಾಚಿ, "ಸ್ವಲ್ಪ ನೋಡುವ" ಎಂದೆ. ಆ ತಪ್ಪು ನನ್ನದೇ. ಸಂಜೆಯೊಳಗೆ ದನ ಸತ್ತಿತು. ವೈದ್ಯರು ಬಂದಿದ್ದರೆ ಉಳಿಯುತ್ತಿತ್ತೋ ಏನೋ, ಇಂದಿಗೂ ನನಗೆ ತಿಳಿಯದು.

ಕಾಲೇಜು ನಡೆಸುವವರೇ, ದನದ ಆಸ್ಪತ್ರೆ ನಡೆಸುವವರೇ, ಪರಸ್ಪರ ಬೆರಳು ತೋರಿಸುವುದನ್ನು ನಿಲ್ಲಿಸಿ. ಪಶುವೈದ್ಯರಾಗಬಯಸುವ ಪ್ರತಿ ವಿದ್ಯಾರ್ಥಿಗೂ ವಾರಕ್ಕೊಂದು ದಿನ ಆಸ್ಪತ್ರೆಯಲ್ಲಿ ನಿಂತು ಕಲಿಯುವ ಅನುಮತಿಪತ್ರವನ್ನು, ತರಗತಿ ಆರಂಭವಾದ ಮೊದಲ ತಿಂಗಳಲ್ಲೇ ಕೊಡಿ.