ಹಲಸಿನ ಹಲಗೆಯ ಕೀಬೋರ್ಡು

ಹಲಸಿನ ಹಲಗೆಯಲ್ಲಿ ನನ್ನದೇ ಅಳತೆಯ ಕೀಬೋರ್ಡು ಮಾಡಲು ನಾಲ್ಕು ತಿಂಗಳು ಹಿಡಿಯಿತು. ದಿನವಿಡೀ ಮನೆಯಲ್ಲೇ ಕೂತು ಪುಸ್ತಕಗಳನ್ನು ಟೈಪ್ ಮಾಡುವವಳು ನಾನು. ಕೈ ಹೇಗೆ ಒರಗಬೇಕು, ಕೀ ಒತ್ತಿದರೆ ಎಂಥ ಸದ್ದು ಬರಬೇಕು ಎಂಬುದು ನನಗೆ ಗೊತ್ತು. ಒಳಗೆ ಅರ್ಧ ಇಂಚು ಟೊಳ್ಳು ಬಿಡಿ ಎಂದು ಗುತ್ತಿಗಾರಿನ ಆಚಾರಿಗೆ ಮೂರು ಸಲ ಹೇಳಿದ್ದೆ. ಸ್ಪ್ರಿಂಗಿನ ಕೀಗಳನ್ನು ನಾನೇ ಒಂದೊಂದಾಗಿ ಕೂರಿಸಿದೆ. ಒತ್ತಿದರೆ ಚೆನ್ನೆಮಣೆಯ ಗುಳಿಗೆ ಕಾಯಿ ಬಿದ್ದಂಥ ತುಂಬಿದ ಸದ್ದು.

ನಾನು ಪುತ್ತೂರಿಗೆ ಹೋಗಿದ್ದ ದಿನ ಕಡಬದಿಂದ ಭಾವ, ಅಂದರೆ ಅಕ್ಕನ ಗಂಡ ಬಂದಿದ್ದರು. ರಬ್ಬರ್ ತೋಟದವರು. ಕೀಬೋರ್ಡು ಬಿಚ್ಚಿ, ಜೀಪಿನಲ್ಲಿದ್ದ ರಬ್ಬರ್ ಶೀಟನ್ನು ಕತ್ತರಿಸಿ, ಟೊಳ್ಳಿನ ತುಂಬ ಅಂಟಿಸಿಬಿಟ್ಟಿದ್ದರು. ನಾನು ಬಂದು ಒತ್ತಿದರೆ ಒದ್ದೆ ಗೋಣಿಯನ್ನು ಕುಟ್ಟಿದ ಹಾಗೆ.

“ಒಳಗೆ ಖಾಲಿ ಇತ್ತು ಮಾರಾಯ್ತಿ. ಆಚಾರಿ ನಿನಗೆ ಟೋಪಿ ಹಾಕಿದ್ದಾನೆ. ಮತ್ತೆ, ಮನೆಯಲ್ಲಿ ಕೂತು ಮಾಡುದಲ್ವಾ, ಇಷ್ಟು ಶಬ್ದ ಎಂತಕ್ಕೆ?”

ಇದೇ ಮನುಷ್ಯ ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, “ಇನ್ನೆರಡು ದಿನ ಹೋಗ್ಲಿ” ಎನ್ನುತ್ತಾರೆ. ಆಗ ಸುತ್ತ ನಿಂತವರು ಉಸಿರೆತ್ತಬಾರದು. ಕಿವುಡರಾಗಿದ್ದರೆ ಕ್ಷಮಿಸುತ್ತಿದ್ದೆ.

ಚಾಕು ತಂದು ಅವರೆದುರೇ ಶೀಟನ್ನು ಕೆರೆಯತೊಡಗಿದೆ. ಅಂಟು ಬಿಡಲಿಲ್ಲ, ಮರದ ಸಿಬಿರು ಎದ್ದು ಬಂತು.

“ಬೊಬ್ಬೆ ಹಾಕ್ಬೇಡ. ಒಳ್ಳೆದಕ್ಕೇ ಮಾಡಿದ್ದು ನಾನು.”

ನಾನು ಬಾಯಿಯೇ ತೆರೆದಿರಲಿಲ್ಲ. ಅವರಿಗೆ ಕೇಳಿಸಿದ್ದು ಚಾಕುವಿನ ಸದ್ದು.