ಹುಳದ ಮನೆಗೆ ಬಂದ ಸೆಂಟು

ನಮ್ಮ ಮನೆಯಲ್ಲಿ ಸೆಂಟು ಹಚ್ಚಿಕೊಳ್ಳಬೇಕಾದರೆ ಮೊದಲು ಹುಳುಗಳ ಯೋಗಕ್ಷೇಮ ವಿಚಾರಿಸಬೇಕು. ಕೂಟಗಲ್ ಕಡೆ ರೇಷ್ಮೆ ಸಾಕುವವರು ನಾವು. ಹುಳುವಿಗೆ ಸೆಂಟಾಗಲಿ, ಊದುಬತ್ತಿಯಾಗಲಿ, ಬೀಡಿ ಹೊಗೆಯಾಗಲಿ ಆಗಿಬರುವುದಿಲ್ಲ. ಮೇಯುವುದು ಬಿಟ್ಟು ತಲೆ ಎತ್ತಿ ಕೂತವೋ, ಆ ಬೆಳೆ ಹೋಯಿತೆಂದೇ ತಿಳಿಯಬೇಕು. ನಮ್ಮತ್ತೆ ಮದುವೆಯಾಗಿ ಬಂದಾಗಿನಿಂದ ಒಂದು ಬೆಳೆಯನ್ನೂ ಕೆಡಿಸಿಕೊಂಡವರಲ್ಲ. ಊರಿನಲ್ಲಿ ಅವರಿಗಿರುವ ಮರ್ಯಾದೆಯೂ ಅದರಿಂದಲೇ, ಜಂಬವೂ ಅದರಿಂದಲೇ.

ಇಂಥ ಮನೆಗೆ ನನ್ನ ತಂಗಿ ಒಂದು ಸೆಂಟಿನ ಬಾಟಲಿ ತಂದುಕೊಟ್ಟಳು. ರಾಮನಗರದ ಫ್ಯಾನ್ಸಿ ಸ್ಟೋರಿನಲ್ಲಿ ಅವಳಿಗೆ ಕೆಲಸ. ಮುಚ್ಚಳ ತೆಗೆದು ಮೂಸಿದೆ. ಮೊದಲು ಮಾಗಿದ ಹಣ್ಣು, ರಸಪುರಿ ಮಾವಿನ ಬುಟ್ಟಿ ಬಿಚ್ಚಿದ ಹಾಗೆ. ಸ್ವಲ್ಪ ಹೊತ್ತಿಗೆ ಹಣ್ಣು ಹಿಂದೆ ಸರಿದು ಮಲ್ಲಿಗೆಯೋ ಸಂಪಿಗೆಯೋ ಮುಂದೆ ಬಂತು. ಕೊನೆಗೆ ಉಳಿದದ್ದು ಒಂದು ಬೆಚ್ಚನೆಯ ಸಿಹಿ, ಪಕ್ಕದ ಮನೆಯಲ್ಲಿ ಹೂರಣ ಬೇಯುತ್ತಿರುವಂಥದ್ದು. ಹಣ್ಣು ತುಂಟ ಹುಡುಗಿ, ಬಂದಷ್ಟೇ ಬೇಗ ಓಡಿಹೋಗುತ್ತದೆ. ಹೂವು ಮದುವಣಗಿತ್ತಿ. ಆ ಕೊನೆಯದು ಮಾತ್ರ ಊಟವಾದರೂ ಏಳದ ನೆಂಟರು.

ನನಗೋ ಆಸೆ ತಡೆಯಲಿಲ್ಲ. ಅಷ್ಟರಲ್ಲಿ ಕೆಂಗಲ್‌ನಲ್ಲಿ ನೆಂಟರ ಮದುವೆ ಬಂತು. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬಕಾಸುರನಂತೆ ಮೇಯುತ್ತಿದ್ದ ವಾರ ಅದು. ಅತ್ತೆ ಬಾಗಿಲಲ್ಲೇ ನಿಂತು, "ಪೌಡ್ರೂ ಬ್ಯಾಡ ಕಣಮ್ಮಿ" ಅಂದರು. ಹೂಂ ಅಂದೆ. ಬಸ್ ಸ್ಟಾಪಿನಲ್ಲಿ ಬ್ಯಾಗಿನಿಂದ ಬಾಟಲಿ ತೆಗೆದು ಮಣಿಕಟ್ಟಿಗೆ, ಕತ್ತಿಗೆ, ಜಡೆಗೂ ಹೊಡೆದುಕೊಂಡೆ. ಮದುವೆಯಲ್ಲಿ ಮೂವರು ಹೆಂಗಸರು ಹುಡುಕಿಕೊಂಡು ಬಂದು ನನ್ನ ಪಕ್ಕ ಕೂತರು. ನಾನು ಉಬ್ಬಿಹೋದೆ.

ಮನೆಗೆ ಬಂದವಳೇ ಸೀರೆ ಬದಲಿಸಿ, ಸೋಪು ಹಾಕಿ ಮೈ ತೊಳೆದುಕೊಂಡೆ. ತಲೆಗೆ ಮಾತ್ರ ನೀರು ಹಾಕಿಕೊಳ್ಳಲಿಲ್ಲ. ಸೊಪ್ಪಿನ ಹೊರೆ ಹೊತ್ತು ಹುಳದ ಮನೆಗೆ ಹೋಗಿ ನಾಲ್ಕು ಹಿಡಿ ಹಾಕುವಷ್ಟರಲ್ಲಿ ಅತ್ತೆಯ ಮೂಗು ಅರಳಿತು.

"ಯಾರಮ್ಮಿ ಇಲ್ಲಿ ಒಬ್ಬಟ್ಟು ಮಾಡ್ತಿರೋದು?"

ಜಡೆಯನ್ನು ಸೆರಗಿನೊಳಗೆ ತುರುಕಿಕೊಂಡೆ. "ತಪ್ಪಾಯ್ತು ಅತ್ತೆ, ಸೆಂಟು ಜಡೇಲಿ ಉಳ್ಕೊಂಡ್ಬುಟ್ಟೈತೆ" ಅಂದೆ.

ಅವರು ಬೈಯಲಿಲ್ಲ. ಅದಕ್ಕೇ ಹೆದರಿಕೆ ಹೆಚ್ಚಾಯಿತು. ತೋಳು ಹಿಡಿದು ನನ್ನನ್ನು ಹೊರಗೆ ಬಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ನೋಯುವ ಮಂಡಿಯಲ್ಲೇ ಉಳಿದ ಸೊಪ್ಪನ್ನೆಲ್ಲ ತಾವೇ ಹೊತ್ತರು. ನಾನು ಸೀಗೆಪುಡಿ ಹಾಕಿ ತಲೆ ಉಜ್ಜಿ ಉಜ್ಜಿ ತೊಳೆದು, ಜಗಲಿಯ ಮೇಲೆ ಕಿವಿಯಿಟ್ಟು ಕೂತೆ. ಒಳಗೆ ಮೇಯುವ ಸದ್ದು ನಿಂತರೆ ಬೆಳೆಯೂ ಹೋಯಿತು, ಅತ್ತೆಯ ಇಷ್ಟು ವರ್ಷದ ಹೆಸರೂ ಹೋಯಿತು. ಕೆಡಿಸಿದವಳು ನಾನು. ದೇವರಿಗೆ ಹೇಳಿಕೊಂಡರೆ ತಡವಾದೀತೆಂದು ನೇರವಾಗಿ ಹುಳುಗಳಿಗೇ ಕೈ ಮುಗಿದೆ. ಸದ್ದು ನಿಲ್ಲಲಿಲ್ಲ. ಬೆಳಿಗ್ಗೆ ಇಣುಕಿ ನೋಡಿದರೆ ಬರೀ ಕಡ್ಡಿ ಉಳಿದಿತ್ತು.

ಆದರೂ ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ನನಗೆ ಒಳಗೆ ಪ್ರವೇಶವಿರಲಿಲ್ಲ. ಗೂಡು ಮಾರುಕಟ್ಟೆಗೆ ಹೋದ ದಿನ ಹುಳದ ಮನೆ ತೊಳೆದು ಇಬ್ಬರೂ ಜಗಲಿಯಲ್ಲಿ ಕೂತಿದ್ದೆವು. "ಆ ಬಾಟ್ಲಿ ಎಸೆದ್ಬುಡ್ತೀನಿ ಅತ್ತೆ" ಅಂದೆ.

"ತತ್ತಾ ಇಲ್ಲಿ."

ತಂದುಕೊಟ್ಟೆ. ಅವರೇ ತಿಪ್ಪೆಗೆ ಎಸೆಯುತ್ತಾರೆಂದುಕೊಂಡೆ. ಮುಚ್ಚಳ ತೆಗೆದು ಕಣ್ಣು ಮುಚ್ಚಿ ಮೂಸಿದರು. "ಈ ಮನೆಗೆ ಬಂದಾಗಿಂದ ಒಂದು ಬೆಳೆ ಮುಗುದ್ರೆ ಇನ್ನೊಂದು. ನಂಗೂ ಆಸೆ ಇರ್ನಿಲ್ಲ ಅಂತಲ್ಲ ಕಣಮ್ಮಿ" ಅಂದು ಕೈ ಚಾಚಿದರು.

ಇಷ್ಟು ವರ್ಷ ಒಮ್ಮೆಯೂ ಇವರ ಆಸೆ ಏನೆಂದು ಕೇಳಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು. ಮಣಿಕಟ್ಟಿಗೆ ಒಂದೇ ಒಂದು ಸಲ, ಹೆದರಿ ಹೆದರಿ ಹೊಡೆದೆ.

"ಹೊಸ ಹುಳ ಯಾವತ್ತು ಬತ್ತವೆ?" ಅಂದರು.

"ಇನ್ನೂ ಎಂಟು ದಿನ ಐತೆ ಅತ್ತೆ."

"ಮತ್ಯಾಕಮ್ಮಿ ಜಿಪುಣತನ?" ಅಂದವರೇ ಸೆರಗು ಸರಿಸಿ ಕತ್ತು ಮುಂದೆ ಮಾಡಿದರು.